ಮಾಲ್ಟನ್ನಿನ ಮನೆಯಂಗಳದಲ್ಲಿ ಕಾರಿನ ಮೈಬಣ್ಣದ ಸಂಸ್ಕಾರ

ಟೊರಾಂಟೊ ಮಹಾನಗರದ ವಾಯವ್ಯಕ್ಕೆ, ಪಿಯರ್ಸನ್ ವಿಮಾನ ನಿಲ್ದಾಣದ ಬೇಲಿಗೆ ತಾಗಿಕೊಂಡಿರುವ ಮಾಲ್ಟನ್, ಇಂದು ಮಿಸಿಸಾಗಾ ನಗರದ ಒಂದು ಭಾಗವಾಗಿದ್ದರೂ, ಯಂತ್ರಗಳೊಡನೆ ಅದಕ್ಕಿರುವ ನಂಟು ಬಹಳ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲ್ಯಾಂಕಾಸ್ಟರ್ ಬಾಂಬರುಗಳು ನಿರ್ಮಾಣಗೊಂಡುದು ಇಲ್ಲಿ. ಕೆನಡಾದ ಜನ ಇಂದಿಗೂ ನಿಟ್ಟುಸಿರಿನೊಡನೆ ಸ್ಮರಿಸುವ ಆವ್ರೋ ಆ್ಯರೋ ಯುದ್ಧವಿಮಾನವು 1957ರ ಅಕ್ಟೋಬರ್ 4ರಂದು ಲೋಕಕ್ಕೆ ಮೊದಲು ಕಾಣಿಸಿಕೊಂಡುದೂ, 1959ರ ಫೆಬ್ರವರಿ 20ರಂದು ಆ ಯೋಜನೆಯೇ ರದ್ದಾಗಿ ಸಹಸ್ರಾರು ಕುಶಲಕರ್ಮಿಗಳು ಒಂದೇ ದಿನ ಕೆಲಸ ಕಳೆದುಕೊಂಡುದೂ ಇಲ್ಲಿಯೇ. ಈಗ ಆ ಬೀದಿಗಳಲ್ಲಿ ಪಂಜಾಬಿನಿಂದ, ಕೆರಿಬಿಯನ್ ದ್ವೀಪಗಳಿಂದ ಬಂದ ಕುಟುಂಬಗಳು ನೆಲೆಸಿವೆ. ಸುತ್ತಲಿನ ಮಿಸಿಸಾಗಾ, ಬ್ರಾಂಪ್ಟನ್‌ಗಳಲ್ಲಿ ಕನ್ನಡಿಗರ ಮನೆಗಳೂ ಉಂಟು. ವಿಮಾನ ನಿಲ್ದಾಣದಲ್ಲಿ ದುಡಿಯುವವರೂ, ಟ್ಯಾಕ್ಸಿ ನಡೆಸುವವರೂ, ಉಗ್ರಾಣಗಳಲ್ಲಿ ರಾತ್ರಿಪಾಳಿ ಮಾಡುವವರೂ ಇರುವ ಈ ಪ್ರದೇಶದಲ್ಲಿ ಕಾರೆಂಬುದು ಪ್ರತಿಷ್ಠೆಯ ವಸ್ತುವಲ್ಲ, ಜೀವನೋಪಾಯದ ಸಾಧನ. ಅದೇ ಪ್ರಾಂತದ ಆಲಿಸ್ಟನ್ ಕಾರ್ಖಾನೆಯಲ್ಲಿ ತಯಾರಾದ ಹೋಂಡಾ ಸಿವಿಕ್ಕಿನಂತಹ ನಿತ್ಯೋಪಯೋಗಿ ಕಾರಿಗೆ ಮನೆಯಲ್ಲಿಯೇ ಮಾಡಬಹುದಾದ 'ಪೇಂಟ್ ಕರೆಕ್ಷನ್' ಎಂಬ ಕೌಶಲವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಮೋಟಾರು ಯುಗದ ಆರಂಭದಲ್ಲಿ ಕಾರಿಗೆ ಬಳಿಯುತ್ತಿದ್ದ ಎಣ್ಣೆ-ವಾರ್ನಿಷುಗಳ ಲೇಪ ಒಣಗುವುದಕ್ಕೆ ವಾರಗಳೇ ಹಿಡಿಯುತ್ತಿದ್ದುವು. 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯ 'ಡ್ಯೂಕೊ' ಲ್ಯಾಕರ್ ಬಂದು ಆ ಕಾಲಾವಧಿಯನ್ನು ಗಂಟೆಗಳಿಗೆ ಇಳಿಸಿತು. 1980ರ ದಶಕದಿಂದೀಚೆಗೆ ವ್ಯಾಪಕವಾದ ಪದ್ಧತಿಯಲ್ಲಿ ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣವನ್ನು ಕೊಡುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ವರ್ಣರಹಿತವೂ ಪಾರದರ್ಶಕವೂ ಆದ ಕ್ಲಿಯರ್ ಕೋಟ್ ಇರುತ್ತವೆ. ನಾವು ಕಾರಿನ ಹೊಳಪೆಂದು ಕರೆಯುವುದೆಲ್ಲವೂ ಈ ಕಡೆಯ ಪದರದ ನುಣುಪು. ಕಾರಿನ ಗೀರುಗಳೆಂದು ನಾವು ದುಃಖಿಸುವುದರಲ್ಲಿ ಬಹುಪಾಲೂ ಈ ಪದರದಲ್ಲಿಯೇ ಇರತಕ್ಕವು. ಸಾಮಾನ್ಯವಾಗಿ ಅದರ ದಪ್ಪ 40ರಿಂದ 60 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗದ ಆಸುಪಾಸು.

ಪೇಂಟ್ ಕರೆಕ್ಷನ್ ಎಂದರೆ ಗೀರನ್ನು ತುಂಬುವುದೆಂದು ಹಲವರು ಭಾವಿಸುವುದುಂಟು. ವಾಸ್ತವದಲ್ಲಿ ಅದು ಗೀರಿನ ಸುತ್ತಲಿನ ಮೇಲ್ಮೈಯನ್ನು ಗೀರಿನ ತಳದವರೆಗೆ ಸವೆಸಿ ಸಮಗೊಳಿಸುವ ಕ್ರಿಯೆ. ಸಾಣೆಕಲ್ಲಿನ ಮೇಲೆ ತೇಯುವ ಗಂಧದ ಕೊರಡು ಪ್ರತಿದಿನವೂ ಕಣ್ಣಿಗೆ ಕಾಣದಷ್ಟು ಕಿರಿದಾಗುವಂತೆ, ಪ್ರತಿ ಪಾಲಿಷಿನಲ್ಲಿಯೂ ಕ್ಲಿಯರ್ ಕೋಟ್ ಕ್ಷಯಿಸುತ್ತದೆ. ಹೋದ ಪದರ ಮರಳಿ ಬರುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವ ದ್ರವ್ಯಗಳೂ ಈ ಪದರದಲ್ಲಿಯೇ ಇರುವುದರಿಂದ, ಅತಿಯಾಗಿ ಸವೆಸಿದ ಕಾರು ಆ ದಿನ ದರ್ಪಣದಂತೆ ಹೊಳೆದರೂ ಕೆಲವು ವರ್ಷಗಳಲ್ಲಿ ಹೊಪ್ಪಳಿಸತೊಡಗಬಹುದು. ಆದುದರಿಂದ ಈ ವಿದ್ಯೆಯಲ್ಲಿ ಯೋಜನೆಯ ಮೊದಲ ಪ್ರಶ್ನೆಯು 'ಎಷ್ಟು ಗೀರುಗಳನ್ನು ತೆಗೆಯಬಹುದು' ಎಂಬುದಲ್ಲ, 'ಎಷ್ಟನ್ನು ಹಾಗೆಯೇ ಬಿಡಬಹುದು' ಎಂಬುದು. ಪ್ರದರ್ಶನದ ಕಾರಿಗೂ ನಿತ್ಯ ಓಡಾಡುವ ಕಾರಿಗೂ ಇರುವ ಭೇದ ಇಲ್ಲಿಯೇ. ಮುಂದಿನ ಚಳಿಗಾಲದಲ್ಲಿ ಮತ್ತೆ ಗೀರು ಬೀಳುವುದು ನಿಶ್ಚಿತವಾಗಿರುವ ಕಾರಿಗೆ ನೂರಕ್ಕೆ ನೂರು ಪರಿಪೂರ್ಣತೆಯನ್ನು ಅಪೇಕ್ಷಿಸುವುದು ಅವಿವೇಕವೆಂದೇ ನಾನು ತಿಳಿಯುತ್ತೇನೆ.

ಗೀರುಗಳು ಹುಟ್ಟುವ ಬಗೆಯನ್ನೂ ಅರಿತಿರಬೇಕು. ಮಾಲ್ಟನ್ನಿನಲ್ಲಿ ಅವುಗಳ ಮುಖ್ಯ ಕಾರಣ ಹಿಮಗಾಲದ ಅವಸರ: ಬೆಳಗಿನ ಪಾಳಿಗೆ ಹೊರಟವರು ಗಟ್ಟಿ ಕೂದಲಿನ ಬ್ರಷ್ಷಿನಿಂದ ಕಾರಿನ ಬಾನೆಟ್ಟಿನ ಮೇಲಿನ ಹಿಮವನ್ನು ತಳ್ಳುವಾಗ, ಅದರಡಿಯಲ್ಲಿ ಸಿಕ್ಕಿಕೊಂಡ ಉಪ್ಪು-ಮರಳಿನ ಕಣಗಳು ಉದ್ದುದ್ದನೆಯ ಸರಳ ರೇಖೆಗಳನ್ನು ಕೊರೆಯುತ್ತವೆ. ದೀಪದ ಸುತ್ತ ಜೇಡರ ಬಲೆಯಂತೆ ಕಾಣುವ, ಕಸಬಿನವರು ಸ್ವರ್ಲ್ ಎನ್ನುವ ಸೂಕ್ಷ್ಮ ಗೀರುಗಳಾದರೋ ಬ್ರಷ್ಷುಗಳು ತಿರುಗುವ ಯಂತ್ರದ ಕಾರ್ ವಾಷಿನಿಂದಲೂ ಕೊಳಕು ಬಟ್ಟೆಯಿಂದಲೂ ಆಗತಕ್ಕವು. ಎರಡನೆಯವು ಸುಲಭಸಾಧ್ಯ, ಮೊದಲನೆಯವುಗಳಲ್ಲಿ ಉಗುರಿಗೆ ತಡೆಯುವಷ್ಟು ಆಳವಾದುವು ಇದ್ದರೆ ಅವುಗಳ ಗೋಜಿಗೆ ಹೋಗಬಾರದು.

ಹೀಗೆ ವಿಂಗಡಿಸುವುದಕ್ಕೆ ಬೆಳಕು ಬೇಕು, ಅಳತೆ ಬೇಕು. ಕೈಯಲ್ಲಿ ಹಿಡಿಯುವ ಎಲ್‌ಇಡಿ ದೀಪವನ್ನು ಓರೆಯಾಗಿ ಹಿಡಿದು ಒಂದೊಂದು ಬಾಗಿಲನ್ನೂ ಪರೀಕ್ಷಿಸಿ, ಬಣ್ಣದ ದಪ್ಪವನ್ನಳೆಯುವ ಪೇಂಟ್ ಗೇಜಿನಿಂದ ಪ್ರತಿ ಭಾಗದಲ್ಲಿ ಹಲವೆಡೆ ಅಳೆದು, ಬಂದ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಗೇಜು ಕ್ಲಿಯರ್ ಕೋಟನ್ನಷ್ಟೇ ಅಲ್ಲದೆ ಲೋಹದ ಮೇಲಿನ ಸಮಸ್ತ ಪದರಗಳನ್ನೂ ಕೂಡಿಸಿ ತೋರಿಸುತ್ತದೆ; ಕಾರ್ಖಾನೆಯ ಬಣ್ಣವಾದರೆ ಅದು ಬಹುಮಟ್ಟಿಗೆ 100ರಿಂದ 150 ಮೈಕ್ರಾನಿನೊಳಗೆ ಇರುತ್ತದೆ. ಒಂದು ಬಾಗಿಲು ಮಾತ್ರ ಇದರ ಇಮ್ಮಡಿ ತೋರಿಸಿದರೆ ಅದಕ್ಕೆ ಹಿಂದೆಂದೋ ಮರುಬಣ್ಣವಾಗಿದೆಯೆಂದೂ, ಎಲ್ಲಕ್ಕಿಂತ ತೀರ ಕಡಿಮೆ ತೋರಿಸಿದರೆ ಅಲ್ಲಿ ಈಗಾಗಲೇ ಯಾರೋ ಸವೆಸಿರಬಹುದೆಂದೂ ಊಹಿಸಬೇಕು. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಗೇಜು ಕೆಲಸಮಾಡದು. ಅಲ್ಲಿ ಸಂಯಮವೊಂದೇ ಗತಿ.

ಇನ್ನು ಕಾಲ ಮತ್ತು ಸ್ಥಳ. ಚಳಿಗಾಲದ ಟೈರುಗಳನ್ನು ಬಿಚ್ಚುವ ವಸಂತದ ದಿನಗಳ ಅನಂತರ, ಇಲ್ಲವೆ ಬೇಸಗೆಯ ಧಗೆ ಇಳಿಯುವ ಸೆಪ್ಟೆಂಬರಿನಲ್ಲಿ ಈ ಕೆಲಸ ಹಿತಕರ. ಬಿಸಿಯಾದ ಲೋಹದ ಮೇಲೆ ಪಾಲಿಷ್ ಒಣಗಿ ಅಂಟಿಕೊಳ್ಳುವುದರಿಂದ ನೇರ ಬಿಸಿಲು ಕೂಡದು. ಗರಾಜಿನ ನೆರಳು ಶ್ರೇಷ್ಠ. ತೊಳೆಯುವ ನೀರಿನ ವಿಷಯದಲ್ಲಿ ಒಂದು ವಿಜ್ಞಾಪನೆ: ಬೀದಿಯ ಮಳೆನೀರಿನ ಚರಂಡಿಗಳು ಸಂಸ್ಕರಣೆಯಿಲ್ಲದೆ ಹಳ್ಳಗಳನ್ನು ಸೇರುತ್ತವೆ. ಮಾಲ್ಟನ್ನಿನ ನಡುವೆ ಹರಿಯುವ ಮಿಮಿಕೊ ಹಳ್ಳವು ಒಂಟಾರಿಯೊ ಸರೋವರವನ್ನು ಕೂಡುವುದರಿಂದ, ರಾಸಾಯನಿಕಗಳನ್ನು ಬಳಸುವ ತೊಳೆತವನ್ನು ನಾಣ್ಯ ಹಾಕಿ ತೊಳೆಯುವ ಕಾರ್ ವಾಷಿನಲ್ಲಿ ಮುಗಿಸಿಕೊಂಡು ಬರುವುದು ನೆರೆಹೊರೆಗೂ ಜಲಚರಗಳಿಗೂ ಸಲ್ಲಿಸಬೇಕಾದ ನ್ಯಾಯ. ಅಲ್ಲಿ ಶಾಂಪೂವಿನಿಂದ ತೊಳೆದು, ಬ್ರೇಕ್ ಧೂಳಿನ ಕಬ್ಬಿಣದ ಕಣಗಳನ್ನು ನೇರಳೆ ಬಣ್ಣಕ್ಕೆ ತಿರುಗಿಸಿ ಕರಗಿಸುವ ದ್ರವವನ್ನು ಸಿಂಪಡಿಸಿ ಜಾಲಿಸಿದ ಮೇಲೆ, ಮನೆಯಲ್ಲಿ ಕ್ಲೇ ಬಾರ್ ಎಂಬ ಜೇಡಿಮಣ್ಣಿನಂಥ ಮುದ್ದೆಯಿಂದ ಮೃದುವಾಗಿ ಉಜ್ಜಿ ಮಿಕ್ಕ ಕಲ್ಮಷವನ್ನು ಎತ್ತಬಹುದು.

ಇಡೀ ಯೋಜನೆಯ ಹೃದಯವೆನ್ನತಕ್ಕದ್ದು ಪರೀಕ್ಷಾ ಚೌಕ. ಬಾನೆಟ್ಟಿನ ಮೇಲೆ ಎರಡಡಿ ಉದ್ದಗಲದ ಜಾಗವನ್ನು ಟೇಪಿನಿಂದ ಗುರುತಿಸಿ, ಎಲ್ಲಕ್ಕಿಂತ ಮೃದುವಾದ ಫೋಮ್ ಪ್ಯಾಡನ್ನೂ ಎಲ್ಲಕ್ಕಿಂತ ಸೌಮ್ಯವಾದ ಪಾಲಿಷನ್ನೂ ಮೊದಲು ಪ್ರಯೋಗಿಸಬೇಕು. ಮನೆಯವರಿಗೆ ತಕ್ಕ ಯಂತ್ರವೆಂದರೆ ಡ್ಯುಯಲ್ ಆ್ಯಕ್ಷನ್ ಪಾಲಿಷರ್. ಅದರ ಪ್ಯಾಡು ತಿರುಗುವುದರ ಜೊತೆಗೆ ಅಲುಗಾಡುವುದೂ ಉಂಟಾದ್ದರಿಂದ ಶಾಖ ಒಂದೇ ಕಡೆ ಸೇರದು. ರೋಟರಿ ಯಂತ್ರವು ವೇಗವಾಗಿ ಕೊಯ್ಯುತ್ತದೆ, ಆದರೆ ಅನನುಭವಿಯ ಕೈಯಲ್ಲಿ ಅಂಚುಗಳನ್ನು ಸುಟ್ಟುಬಿಡುತ್ತದೆ. ಪ್ಯಾಡಿನ ಮೇಲೆ ಕಡಲೆಕಾಳಿನ ಗಾತ್ರದ ಮೂರು ನಾಲ್ಕು ಹನಿ ಪಾಲಿಷ್ ಹಾಕಿ, ಒಂದು ಸಾಲು ಇನ್ನೊಂದನ್ನು ಅರ್ಧ ಅತಿಕ್ರಮಿಸುವಂತೆ ಉದ್ದಕ್ಕೂ ಅಡ್ಡಕ್ಕೂ ನಿಧಾನವಾಗಿ ನಾಲ್ಕಾರು ಸಲ ನಡೆಸಿ, ಅನಂತರ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಒರೆಸಬೇಕು. ಈ ಒರೆಸುವಿಕೆಯನ್ನು ಬಿಟ್ಟವನು ಮೋಸಹೋಗುತ್ತಾನೆ. ಪಾಲಿಷಿನ ಎಣ್ಣೆಯು ಗೀರುಗಳಲ್ಲಿ ತುಂಬಿಕೊಂಡು, ಇಲ್ಲದ ಯಶಸ್ಸನ್ನು ಕೆಲವು ದಿನ ತೋರಿಸುತ್ತದೆ. ಫಲಿತಾಂಶ ಸಾಲದೆಂದಾಗ ಮೊದಲು ಪ್ಯಾಡನ್ನು ಬದಲಿಸುವುದು, ಅದೂ ಸಾಲದಾದರೆ ಮಾತ್ರ ತೀಕ್ಷ್ಣವಾದ ಕಾಂಪೌಂಡಿಗೆ ಏರುವುದು. ಮುಕ್ಕಾಲು ಪಾಲು ಗೀರುಗಳು ಒಂದೇ ಹಂತದಲ್ಲಿ ಮಾಯವಾದರೆ ನಿತ್ಯದ ಕಾರಿಗೆ ಅಷ್ಟೇ ಸಾಕು. ಆ ಪ್ಯಾಡು-ಪಾಲಿಷುಗಳ ಜೋಡಿಯನ್ನೇ ಇಡೀ ಕಾರಿಗೆ ವಿಧಿಯಾಗಿ ಸ್ವೀಕರಿಸಬೇಕು.

ಮುಂದಿನದು ತಾಳ್ಮೆಯ ಕೆಲಸ. ಬಾಗಿಲಿನ ಅಂಚು, ಮೈಯ ಏಣುಗೆರೆ, ಪ್ಲಾಸ್ಟಿಕ್ ಪಟ್ಟಿಗಳಿಗೆ ಟೇಪು ಹಚ್ಚಿ, ಐದಾರು ಪ್ಯಾಡುಗಳನ್ನು ಸಿದ್ಧವಾಗಿಟ್ಟುಕೊಂಡು, ಒಂದು ತುಂಬ ಕೊಳೆಯಾದೊಡನೆ ಇನ್ನೊಂದನ್ನು ತೊಟ್ಟು ಸಾಗಬೇಕು. ಒಂದು ಸೆಡಾನಿಗೆ ಒಂದು ಹಗಲು ಸುಲಭವಾಗಿ ಹೋಗುತ್ತದೆ. ಎರಡು ವಾರಾಂತ್ಯಗಳಿಗೆ ಹಂಚಿಕೊಂಡರೆ ತೋಳಿಗೂ ಹಿತ, ಕಾರಿಗೂ ಹಿತ.

ಕೊನೆಗೆ ಸೀಲಂಟನ್ನಾಗಲಿ ಸೆರಾಮಿಕ್ ಲೇಪವನ್ನಾಗಲಿ ಕೊಟ್ಟರೆ ಮುಂದಿನ ಉಪ್ಪುನೀರು ಅಷ್ಟು ಸುಲಭವಾಗಿ ಅಂಟದು. ಸೆರಾಮಿಕ್ ಹಚ್ಚಿದ ಮೇಲೆ ತಯಾರಕರು ಹೇಳಿದಷ್ಟು ಹೊತ್ತು ನೀರು ಸೋಕದಂತೆ ಗರಾಜಿನಲ್ಲಿ ನಿಲ್ಲಿಸಬೇಕಾಗುತ್ತದೆ. ಗೇಜಿನಿಂದ ಮತ್ತೊಮ್ಮೆ ಅಳೆದು ಹೊಸ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲಿ ಬರೆದು, ಆ ಪುಸ್ತಕವನ್ನು ಕಾರಿನ ಸರ್ವಿಸ್ ಕಾಗದಗಳ ಜೊತೆಗೇ ಇಡತಕ್ಕದ್ದು. ಮುಂದೆ ಆ ಕಾರನ್ನು ಕೊಳ್ಳುವವರಿಗೂ ಅದು ಉಪಯುಕ್ತ. ಗಟ್ಟಿ ಬ್ರಷ್ಷನ್ನು ತ್ಯಜಿಸಿ, ಫೋಮಿನ ತಲೆಯುಳ್ಳ ಹಿಮದ ಪೊರಕೆಯೊಂದನ್ನು ಹಿಮ ಬೀಳುವುದಕ್ಕೆ ಮೊದಲೇ ಕೊಂಡಿಟ್ಟುಕೊಂಡು, ಅದರಿಂದಲೂ ಮೇಲಿನ ಪದರವನ್ನಷ್ಟೇ ಸರಿಸಿ, ಬಣ್ಣಕ್ಕೆ ಅಂಟಿದ ತೆಳುಹಿಮವನ್ನು ತಾನಾಗಿ ಕರಗಲು ಬಿಡಬೇಕು.