ನಗರಸೇವಕನೂ ಪಕ್ಷದ ಆದೇಶವೂ

ಮುಂಬಯಿಯ ನಗರಸೇವಕನಿಗೆ ಒಡೆಯರು ಇಬ್ಬರು: ಆರಿಸಿದ ವಾರ್ಡಿನ ಜನರು, ಚಿಹ್ನೆ ಕೊಟ್ಟ ಪಕ್ಷ. ಇವರಲ್ಲಿ ಭಿನ್ನಾಭಿಪ್ರಾಯ ಬಂದಾಗ ಅವನು ಯಾರ ಮಾತನ್ನು ನಡೆಸಬೇಕು?

ಫಿರೋಜ್‌ಶಹಾ ಮೆಹತಾ ಅವರ ಕೈವಾಡವಿದ್ದ 1888ರ ಪಾಲಿಕೆ ಕಾಯಿದೆಯ ಕಾಲದಲ್ಲಿ ಈ ಇಕ್ಕಟ್ಟು ಇಷ್ಟು ಬಿಗಿಯಾಗಿರಲಿಲ್ಲ. ಆದರೆ ಮತದ ಹಕ್ಕು ಅಂದು ಕೆಲವರಿಗೆ ಮಾತ್ರವಿತ್ತೆಂಬುದನ್ನು ಮರೆಯಲಾಗದು. ಮಹಾರಾಷ್ಟ್ರದ 1986ರ, ಕರ್ನಾಟಕದ 1987ರ ಪಕ್ಷಾಂತರ ನಿಷೇಧ ಕಾಯಿದೆಗಳು ಪಕ್ಷದ ಆದೇಶವನ್ನು ಮೀರಿ ಮತ ನೀಡಿದ ಸದಸ್ಯನ ಸ್ಥಾನವನ್ನೇ ಕಸಿಯಬಲ್ಲವು. ಸದಸ್ಯರ ಕ್ರಯವಿಕ್ರಯವನ್ನು ತಡೆಯುವ ಉದ್ದೇಶವು ಸಾಧುವಾದುದೇ. ಆದರೆ ಮೇಯರನ ಆಯ್ಕೆಗೆ ಬಿಗಿದ ಹಗ್ಗವು ಚರಂಡಿ, ಮಾರುಕಟ್ಟೆ, ಶಾಲೆಗಳ ಪ್ರಶ್ನೆಯನ್ನೂ ಕಟ್ಟಿಹಾಕಬಲ್ಲುದು.

ಮುಂಬಯಿ ಪಾಲಿಕೆಯು ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಅಂಥದೊಂದನ್ನು ಮುಚ್ಚುವ ಠರಾವು ಬಂದರೆ, ಆ ವಾರ್ಡಿನ ಸದಸ್ಯನು ಸಭೆಯಲ್ಲಿ ವಿರೋಧಿಸಿ ಮಾತನಾಡಬಹುದು. ಮತವನ್ನು ಮಾತ್ರ ಪಕ್ಷಕ್ಕೇ ಒಪ್ಪಿಸಬೇಕಾದೀತು. ಅಲ್ಪಸಂಖ್ಯ ಭಾಷಿಕರಿಗೆ ಇದು ಸಣ್ಣ ಮಾತಲ್ಲ.

ಕರ್ನಾಟಕದ ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಪಕ್ಷಗಳು ತೆರೆಮರೆಯಲ್ಲಿ ಇದ್ದೇ ಇರುತ್ತವೆ. ಆದುದರಿಂದ ಪಕ್ಷವನ್ನು ಹೊರದೂಡುವುದು ಪರಿಹಾರವಲ್ಲ. ಆದೇಶವನ್ನು ಮೇಯರನ ಆಯ್ಕೆ, ಆಯವ್ಯಯಗಳಿಗೆ ಸೀಮಿತಗೊಳಿಸಿ, ಉಳಿದುದನ್ನು ಸದಸ್ಯನ ವಿವೇಕಕ್ಕೆ ಬಿಡುವುದೇ ಯುಕ್ತವಾದ ಮಾರ್ಗ.