ಕುತ್ತಿಗೆಗೂ ಬೇಕು ಸಾಮು: ಪೈಲವಾನರಿಗೂ ಗುಮಾಸ್ತರಿಗೂ ನಾಲ್ಕು ಮಾತು



ಕಳೆದ ತಿಂಗಳ ಸಭೆ ಮುಗಿದು ಚಹಾ ಹಂಚುತ್ತಿದ್ದಾಗ ನಮ್ಮ ಸದಸ್ಯೆಯೊಬ್ಬರು ಹತ್ತಿರ ಬಂದರು. “ಅಣ್ಣಾರ, ನಮ್ಮ ಹುಡುಗ ಕುತ್ತಿಗಿ ದಪ್ಪ ಮಾಡ್ತೀನಂತ ಹತ್ತು ಕಿಲೋದ ಬಿಲ್ಲಿ ತಲಿಗೆ ಕಟ್ಟಿಕೊಂಡು ಎತ್ತ್ಯಾನ. ಈಗ ಬಲಗೈ ಜುಮು ಜುಮು ಅಂತೈತಿ. ಇದರ ಬಗ್ಗೆ ಪತ್ರಿಕೆಯೊಳಗ ಏನರೆ ಬರೀರಿ” ಎಂದರು. ಹುಡುಗನಿಗೆ ಹದಿನೇಳು ವರ್ಷ. ಊರ ಜಾತ್ರೆಯ ಕುಸ್ತಿಗೆ ಹೆಸರು ಕೊಟ್ಟಿದ್ದ. ವೈದ್ಯರು ಆರು ವಾರ ಮಣ್ಣಿಗೆ ಇಳಿಯಬಾರದು ಎಂದರು. ಜಾತ್ರೆ ಬಂತು, ಹೋಯಿತು. ಅವನು ದಂಡೆಯ ಮೇಲೆ ಕೂತು ನೋಡಿದ.

ಆ ತಾಯಿಗೆ ಉತ್ತರ ಕೊಡುವಾಗ ನಮ್ಮ ಕೈ ನಮ್ಮ ಹೆಡಕಿನ ಮೇಲೇ ಇತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಲೆಡ್ಜರಿನ ಮೇಲೆ ಬಗ್ಗಿದ ಕತ್ತು ಇದು. ಒಬ್ಬನದು ಒಮ್ಮೆಲೇ ಅತಿಯಾದ ಭಾರದಿಂದ ಕೆಟ್ಟಿತು, ಇನ್ನೊಬ್ಬರದು ಭಾರವನ್ನೇ ಕಾಣದೆ ಸೊರಗಿತು. ಇಬ್ಬರಿಗೂ ಮದ್ದು ಒಂದೇ: ಕುತ್ತಿಗೆಯನ್ನು ಕ್ರಮವಾಗಿ, ನಿಧಾನವಾಗಿ ಬಲಪಡಿಸುವುದು. ಓದಿ ತಿಳಿದದ್ದನ್ನೂ ಹಳೆಯ ವಸ್ತಾದರಿಂದ ಕೇಳಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

ಕುತ್ತಿಗೆಯಲ್ಲಿ ಇರುವುದೇನು?

ದೊಡ್ಡವರ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಅದನ್ನು ಹೊತ್ತು ನಿಂತಿರುವುದು ಒಂದರ ಮೇಲೊಂದು ಕೂತ 7 ಎಲುಬುಗಳು. ಮೇಲಿನ ಎರಡನ್ನು ಬಿಟ್ಟರೆ ಉಳಿದ ಎಲುಬುಗಳ ನಡುವೆ ಮೆತ್ತೆಯಂಥ ಡಿಸ್ಕುಗಳಿವೆ. ಒಳಗೆ ಮಿದುಳುಬಳ್ಳಿ ಹಾದು ಹೋಗುತ್ತದೆ. ಅಲ್ಲಿಂದ ಹೊರಡುವ ನರಗಳೇ ಹೆಗಲು, ಕೈ, ಬೆರಳುಗಳನ್ನು ಆಡಿಸುತ್ತವೆ. ಅದಕ್ಕೇ ಕುತ್ತಿಗೆಗೆ ಪೆಟ್ಟಾದರೆ ಕೈ ಜುಮ್ಮೆನ್ನುವುದು.

ಎಲುಬುಗಳನ್ನು ಎಲ್ಲ ಕಡೆಯಿಂದ ಹಿಡಿದು ನಿಲ್ಲಿಸುವವು ಸ್ನಾಯುಗಳು. ಕನ್ನಡಿಯ ಮುಂದೆ ನಿಂತು ಮುಖವನ್ನು ಬಲಕ್ಕೆ ತಿರುಗಿಸಿ ನೋಡಿ. ಎಡಗಿವಿಯ ಹಿಂದಿನಿಂದ ಎದೆಯ ಎಲುಬಿನವರೆಗೆ ಒಂದು ಹಗ್ಗದಂತೆ ಉಬ್ಬುತ್ತದೆ. ಕುತ್ತಿಗೆಯ ಮುಂಭಾಗ ತುಂಬಿ ಕಾಣುವುದು ಹೆಚ್ಚಾಗಿ ಇದರಿಂದ. ಹಿಂದೆ ತಲೆಬುರುಡೆಯ ಬುಡದಿಂದ ಹೆಗಲಿಗೂ ನಡುಬೆನ್ನಿಗೂ ಹರಡಿದ ಅಗಲ ಸ್ನಾಯು ಟ್ರೆಪೀಜಿಯಸ್. ಇವೆರಡರ ಕೆಳಗೆ ಕಣ್ಣಿಗೆ ಕಾಣದ ಸಣ್ಣ ಸ್ನಾಯುಗಳು ಹಲವು. ದಿನವಿಡೀ ತಲೆಯನ್ನು ನೆಟ್ಟಗೆ ಇಡುವ ಕೆಲಸ ಅವುಗಳದ್ದು. ತಲೆ ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳ ಮೇಲೆ ಎಳೆತ ಹೆಚ್ಚು. ತುಂಬಿದ ಕೊಡವನ್ನು ಮೈಗೆ ಒತ್ತಿ ಹಿಡಿದರೆ ಹಗುರ, ಕೈ ಚಾಚಿ ಹಿಡಿದರೆ ಭಾರ, ಲೆಕ್ಕ ಇಷ್ಟೇ. ನಮಗೆ ಲೆಡ್ಜರು ಮಾಡಿದ್ದನ್ನು ಇಂದಿನ ಮಕ್ಕಳಿಗೆ ಮೊಬೈಲು ಮಾಡುತ್ತಿದೆ.

ಗರಡಿಮನೆಗೆ ಇದು ಹೊಸದಲ್ಲ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಸದಸ್ಯರಿಗೆ ಇದನ್ನು ಹೇಳಬೇಕಿಲ್ಲ. ಶಾಹೂ ಮಹಾರಾಜರು ಖಾಸಬಾಗ ಮೈದಾನ ಕಟ್ಟಿಸಿದ ಕೊಲ್ಹಾಪುರವೂ, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವರ ಸಾತಾರೆಯೂ ನಮಗೆ ದೂರವಲ್ಲ. ಕುಸ್ತಿಯಲ್ಲಿ ಎರಡೂ ಹೆಗಲು ನೆಲಕ್ಕೆ ತಾಗಿದರೆ ಚಿತ್. ತಾಗದಂತೆ ಉಳಿಯಲು ಪೈಲವಾನನಿಗೆ ಕೊನೆಯ ಆಸರೆ ಕುತ್ತಿಗೆ. ತಲೆಯನ್ನೂ ಪಾದಗಳನ್ನೂ ನೆಲಕ್ಕೂರಿ ಬೆನ್ನನ್ನು ಕಮಾನಿನಂತೆ ಎತ್ತಿ ಅವನು ಹೊರಳಿ ಪಾರಾಗುತ್ತಾನೆ. ಎದುರಾಳಿ ಹೆಡಕಿಗೆ ಕೈ ಹಾಕಿ ಕೆಳಗೆ ಜಗ್ಗಿದಾಗ ತಲೆ ಬಾಗದೆ ನಿಲ್ಲಬೇಕಾದರೂ ಅದೇ ಬಲ ಬೇಕು. ಹಳೆಯ ಪೈಲವಾನರು ದೊಡ್ಡ ಕಲ್ಲಿನ ಬಳೆಯನ್ನು ಕೊರಳಿಗೆ ಹಾಕಿಕೊಂಡು ಬೈಠಕ್ ಹೊಡೆಯುತ್ತಿದ್ದುದೂ ಇದಕ್ಕೇ. ಉತ್ತರದ ಅಖಾಡಗಳಲ್ಲಿ ಅದನ್ನು ಗರ್‌ನಾಲ್ ಎನ್ನುತ್ತಾರೆ.

ಆದರೆ ಒಂದು ಮಾತು ನೆನಪಿರಲಿ. ಆ ಕಲ್ಲು ಮೊದಲ ದಿನವೇ ಕೊರಳಿಗೆ ಬರುತ್ತಿರಲಿಲ್ಲ. ವರ್ಷಗಟ್ಟಲೆ ಮಣ್ಣು ಅಗೆದು, ದಂಡ ಹೊಡೆದು, ವಸ್ತಾದರ ಕಣ್ಣೆದುರು ಬೆಳೆದ ಮೇಲೆ ಬರುತ್ತಿತ್ತು. ನಮ್ಮ ಹುಡುಗ ಕಲ್ಲನ್ನು ನೋಡಿದ, ಆ ವರ್ಷಗಳನ್ನು ನೋಡಲಿಲ್ಲ.

ಅಧ್ಯಯನಗಳು ಹೇಳುವುದು

ಎರಡು ಅಧ್ಯಯನಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು ಅಮೆರಿಕದ್ದು, 1997ರಲ್ಲಿ ಪ್ರಕಟವಾದದ್ದು. ಬೈಠಕ್, ಭಾರ ಎತ್ತುವುದು ಮುಂತಾದ ಸಾಮಾನ್ಯ ವ್ಯಾಯಾಮ ಮಾಡಿದವರ ಕುತ್ತಿಗೆ 12 ವಾರಗಳ ನಂತರವೂ ಬೆಳೆಯಲಿಲ್ಲ. ಅದರ ಜೊತೆಗೆ ತಲೆಗೆ ಭಾರ ಹಾಕಿ ಹಿಂದಕ್ಕೆ ಎತ್ತುವ ವ್ಯಾಯಾಮವನ್ನು ವಾರಕ್ಕೆ 3 ದಿನ ಮಾಡಿದವರ ಕುತ್ತಿಗೆಯ ಸ್ನಾಯು ಶೇಕಡಾ 13ರಷ್ಟು ದಪ್ಪವಾಯಿತು. ಅಂದರೆ ಕುತ್ತಿಗೆ ಬೆಳೆಯಬೇಕಾದರೆ ಕುತ್ತಿಗೆಗೇ ಕೆಲಸ ಕೊಡಬೇಕು.

ಎರಡನೆಯದು ಫಿನ್ಲೆಂಡಿನದು, 2003ರದ್ದು. ಬಹಳ ದಿನಗಳ ಕುತ್ತಿಗೆ ನೋವಿದ್ದ 180 ಮಂದಿ ಕಚೇರಿ ಮಹಿಳೆಯರನ್ನು ಒಂದು ವರ್ಷ ಗಮನಿಸಿದರು. ಒಂದು ಗುಂಪು ರಬ್ಬರ್ ಪಟ್ಟಿ ಎಳೆದು ಕುತ್ತಿಗೆಯ ಬಲ ಬೆಳೆಸಿತು, ಇನ್ನೊಂದು ಮಲಗಿ ತಲೆ ಎತ್ತುವ ಹಗುರ ವ್ಯಾಯಾಮ ಮಾಡಿತು. ಎರಡೂ ಗುಂಪಿನವರಿಗೆ ಬರೀ ಮೈ ಎಳೆಯುವ, ನಡೆಯುವಂಥ ವ್ಯಾಯಾಮದವರಿಗಿಂತ ನೋವು ಹೆಚ್ಚು ಇಳಿಯಿತು. ಮೊದಲ ಗುಂಪಿನವರಿಗೆ ತಲೆಯನ್ನು ಮುಂದಕ್ಕೆ ಒತ್ತುವ ಬಲ ಎರಡು ಪಟ್ಟಿಗೂ ಮೀರಿತು. ಇದನ್ನು ಓದಿದಾಗ, ನೌಕರಿಯಲ್ಲಿದ್ದಾಗ ಯಾರಾದರೂ ಹೇಳಿದ್ದರೆ ಎಷ್ಟು ಮುಲಾಮಿನ ದುಡ್ಡು ಉಳಿಯುತ್ತಿತ್ತೋ ಎನಿಸಿತು.

ಮಾಡುವ ಕ್ರಮ

ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು ಇರಲಿ. ಮೊದಲು ಐದು ನಿಮಿಷ ಹೆಗಲು ತಿರುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳಿ. ಉಸಿರು ಕಟ್ಟಬೇಡಿ, ರಕ್ತದೊತ್ತಡ ಇದ್ದವರು ಇದನ್ನು ಮರೆಯಲೇಬಾರದು.

1. ಅಂಗೈ ಒತ್ತು (ಮೊದಲ ಮೂರು ವಾರ). ಕುರ್ಚಿಯಲ್ಲಿ ನೆಟ್ಟಗೆ ಕೂತು ಅಂಗೈಯನ್ನು ಹಣೆಗೆ ಇಟ್ಟು, ತಲೆಯಿಂದ ಕೈಯನ್ನು, ಕೈಯಿಂದ ತಲೆಯನ್ನು ಒತ್ತಿ. ತಲೆ ಅಲುಗಬಾರದು. ಅರ್ಧ ಬಲ ಸಾಕು. ಹತ್ತು ಎಣಿಸಿ ಬಿಡಿ. ಹೀಗೆ ಐದು ಸಲ. ಅನಂತರ ತಲೆಯ ಹಿಂದೆ, ಬಲಗಡೆ, ಎಡಗಡೆ. ಹಿರಿಯರು ಇಷ್ಟರಲ್ಲೇ ನಿಂತರೂ ಲಾಭವಿದೆ.

2. ಮಲಗಿ ತಲೆ ಎತ್ತುವುದು (ನಾಲ್ಕನೆಯ ವಾರದಿಂದ). ಅಂಗಾತ ಮಲಗಿ ಗದ್ದವನ್ನು ತುಸು ಒಳಗೆ ಎಳೆದು, ತಲೆಯನ್ನು ಎರಡು ಬೆರಳಿನಷ್ಟು ಎತ್ತಿ, ಮೆಲ್ಲಗೆ ಇಳಿಸಿ. ಹತ್ತು ಸಲ, ಎರಡು ಸುತ್ತು. ಆಮೇಲೆ ಒಂದೊಂದು ಮಗ್ಗುಲಿಗೆ ಮಲಗಿ ಅದೇ ರೀತಿ. ಕೊನೆಗೆ ಬೋರಲು ಮಲಗಿ, ತಲೆ ಮಂಚದ ಅಂಚಿನಿಂದ ಹೊರಗಿರುವಂತೆ ಮಾಡಿ, ತಲೆಯನ್ನು ಬೆನ್ನಿನ ಮಟ್ಟಕ್ಕೆ ತನ್ನಿ. ಅದಕ್ಕಿಂತ ಮೇಲೆ ಒಗೆಯಬೇಡಿ.

3. ಭಾರ (ಎರಡು ತಿಂಗಳ ನಂತರ, ಆರೋಗ್ಯವಂತ ಯುವಕ ಯುವತಿಯರಿಗೆ ಮಾತ್ರ). ಹದಿನೈದು ಸಲ ಸಲೀಸಾಗಿ ಎತ್ತಬಲ್ಲಿರಾದರೆ ಟವೆಲ್ ಮಡಚಿ ಹಣೆಯ ಮೇಲಿಟ್ಟು, ಅದರ ಮೇಲೆ ಒಂದೂಕಾಲು ಕಿಲೋದ ಬಿಲ್ಲೆಯನ್ನು ಕೈಯಿಂದ ಹಿಡಿದು ಎತ್ತಿ. ಅದೂ ಹದಿನೈದಕ್ಕೆ ಸಲೀಸಾದ ಮೇಲೆ ಮತ್ತೆ ಒಂದೂಕಾಲು. ಜಿಮ್ಮಿನಲ್ಲಿ ತಲೆಗೆ ಕಟ್ಟುವ ಪಟ್ಟಿ ಇದ್ದರೂ ಲೆಕ್ಕ ಇದೇ. ಕೊನೆಯ ಎರಡು ಎತ್ತು ಕಷ್ಟವಾಗಬೇಕು, ಆದರೆ ತಲೆ ನಡುಗಬಾರದು.

4. ಹೆಗಲು ಎತ್ತುವುದು. ಎರಡೂ ಕೈಯಲ್ಲಿ ನೀರು ತುಂಬಿದ ಕೊಡಪಾನವನ್ನೋ ಡಂಬೆಲನ್ನೋ ಹಿಡಿದು ಹೆಗಲನ್ನು ಕಿವಿಯ ಕಡೆಗೆ ಎತ್ತಿ ಇಳಿಸಿ. ಕುತ್ತಿಗೆಯ ಬುಡ ತುಂಬುವುದು ಇದರಿಂದ.

ಗಾತ್ರ ನೋಡಬೇಕಾದವರು ದರ್ಜಿಯ ಟೇಪಿನಿಂದ ಗಂಟಲಮಣಿಯ ಕೆಳಗೆ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ದಿನಾ ಅಳೆದರೆ ಬೇಸರ ಬರುತ್ತದೆ. ಬೇಳೆ, ಶೇಂಗಾ, ಹಾಲು, ಮೊಟ್ಟೆ, ಮೀನು, ಇವುಗಳಲ್ಲಿ ಮನೆಗೆ ಒಗ್ಗಿದ್ದು ಸಾಕಷ್ಟು ಇರಲಿ, ನಿದ್ದೆಯೂ ಇರಲಿ. ಸ್ನಾಯು ಬೆಳೆಯುವುದು ಬಿಡುವಿನಲ್ಲಿ.

ಇನ್ನೊಂದು ಎಚ್ಚರಿಕೆ. ಕುತ್ತಿಗೆ ದಪ್ಪವಾದದ್ದೆಲ್ಲ ಬಲವಲ್ಲ. ಕೊಬ್ಬಿನಿಂದ ದಪ್ಪವಾಗಿ, ಗಂಡಸರಲ್ಲಿ ಸುತ್ತಳತೆ 17 ಇಂಚು, ಹೆಂಗಸರಲ್ಲಿ 16 ಇಂಚು ದಾಟಿ, ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಅದಕ್ಕೆ ವೈದ್ಯರನ್ನು ಕಾಣಬೇಕು.

ಕಮಾನು ಯಾವಾಗ?

ತಲೆಯ ಮೇಲೆ ಮೈಭಾರ ಹಾಕುವ ಕಮಾನು ಕುಸ್ತಿ ಆಡುವವರಿಗೆ ಬೇಕೇ ಬೇಕು, ಉಳಿದವರಿಗೆ ಬೇಡ. ಅದರಲ್ಲಿ ಕುತ್ತಿಗೆ ತೀರಾ ಹಿಂದಕ್ಕೆ ಬಾಗಿದಾಗಲೇ ಮೈಯ ಭಾರ ಬೀಳುತ್ತದೆ. ಕಲಿಯುವವರು ಮೊದಲು ಅಂಗೈಗಳನ್ನು ನೆಲಕ್ಕೂರಿ, ಹೆಚ್ಚಿನ ಭಾರ ಕೈಗೇ ಬಿಟ್ಟು ಕಲಿಯಲಿ. ಕೈ ತೆಗೆಯುವುದು ಯಾವಾಗ ಎಂಬುದನ್ನು ವಸ್ತಾದರು ಹೇಳಲಿ. ಶೀರ್ಷಾಸನಕ್ಕೂ ಇದೇ ಮಾತು.

ಯಾರು ಮೊದಲು ವೈದ್ಯರನ್ನು ಕೇಳಬೇಕು?

ಕೈ ಜುಮ್ಮೆನ್ನುವವರು, ಹಿಡಿತ ಸಡಿಲವಾದವರು, ನಡೆಯುವಾಗ ತೋಲುವವರು, ತಲೆ ತಿರುಗುವವರು, ಕುತ್ತಿಗೆಗೆ ಪೆಟ್ಟಾದವರು ಇಲ್ಲವೆ ಶಸ್ತ್ರಚಿಕಿತ್ಸೆ ಆದವರು, ಸಂಧಿವಾತ ಅಥವಾ ಎಲುಬು ಸವೆತ ಇದ್ದವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ವ್ಯಾಯಾಮದ ಮರುದಿನ ಮಾಂಸ ನೋಯುವುದು ಸಹಜ. ನೋವು ಮಿಂಚಿನಂತೆ ಕೈಗೆ ಇಳಿದರೆ ಅಲ್ಲಿಗೇ ನಿಲ್ಲಿಸಿ.

ಆ ಹುಡುಗನ ಕೈ ಈಗ ಸರಿಯಾಗಿದೆ. ವೈದ್ಯರ ಒಪ್ಪಿಗೆ ಪಡೆದು ವಸ್ತಾದರು ಅವನನ್ನು ಅಂಗೈ ಒತ್ತಿನಿಂದಲೇ ಮತ್ತೆ ಶುರು ಮಾಡಿಸಿದ್ದಾರೆ. “ಇದು ಮುದುಕರ ಸಾಮು” ಎಂದು ಅವನು ಗೊಣಗಿದನಂತೆ. ನಾವೂ ದಿನ ಬಿಟ್ಟು ದಿನ ಅದನ್ನೇ ಮಾಡುತ್ತಿದ್ದೇವೆ. ಬಸ್ಸಿನಲ್ಲಿ ಹಿಂದೆ ಕೂತವರು ಕರೆದರೆ ಈಗ ಇಡೀ ಮೈ ತಿರುಗಿಸಬೇಕಿಲ್ಲ, ಕತ್ತು ತಿರುಗಿಸಿದರೆ ಸಾಕು.

ಮುಂದಿನ ತಿಂಗಳ ಸಭೆಗೆ ಅರ್ಧ ತಾಸು ಮುಂಚೆ ಬರುವವರಿಗೆ ಮೊದಲ ಎರಡು ವ್ಯಾಯಾಮಗಳನ್ನು ಮಾಡಿ ತೋರಿಸಲಾಗುವುದು. ಚಾಪೆ, ಟವೆಲ್ ತನ್ನಿ. ಮಕ್ಕಳನ್ನೂ ಕರೆತನ್ನಿ. ಬಿಲ್ಲೆಗಳನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ