ಒಳಹೊಕ್ಕವರಿಗೆ ಹೊರಬಾಗಿಲಿಲ್ಲ

ದರೋಡೆಯ ಚಲನಚಿತ್ರವೆಂದರೆ ಗುಟ್ಟಾದ ಸಂಚು, ಉಕ್ಕಿನ ತಿಜೋರಿ, ಪೊಲೀಸರ ಕಣ್ಣಿಗೆ ಮಣ್ಣೆರಚಿ ಪಾರಾಗುವ ನಾಯಕ, ಇವೇ ನಮ್ಮ ನೆನಪಿಗೆ ಬರುತ್ತವೆ. ಅವುಗಳನ್ನು ನೋಡಿ ಬಂದವರು ಕಳ್ಳನ ಜಾಣತನವನ್ನೇ ಹೊಗಳುವುದನ್ನು ನಾವು ಕೇಳಿದ್ದೇವೆ. ಈ ರೂಢಿಗೆ ತೀರ ಹೊರತಾದುದು ಅಮೆರಿಕದ ನಿರ್ದೇಶಕ ಸಿಡ್ನಿ ಲ್ಯೂಮೆಟ್ 1975ರಲ್ಲಿ ತೆರೆಗೆ ತಂದ 'ಡಾಗ್ ಡೇ ಆಫ್ಟರ್‌ನೂನ್'. ಕಡುಬೇಸಿಗೆಯ ಅಪರಾಹ್ನವೆಂಬುದು ಈ ಹೆಸರಿನ ಭಾವ.

ಇದು ಕೇವಲ ಕಲ್ಪನೆಯ ಕಥೆಯಲ್ಲ. 1972ರ ಆಗಸ್ಟ್ 22ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಬ್ಯಾಂಕ್ ಶಾಖೆಯೊಂದರಲ್ಲಿ ನಡೆದ ದರೋಡೆಯ ಯತ್ನವೇ ಇದರ ಮೂಲ. ಆ ಘಟನೆಯ ಬಗೆಗೆ 'ಲೈಫ್' ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಧರಿಸಿ ಫ್ರಾಂಕ್ ಪಿಯರ್ಸನ್ ಬರೆದ ಚಿತ್ರಕಥೆಗೆ ಆಸ್ಕರ್ ಪ್ರಶಸ್ತಿ ದೊರೆಯಿತು.

ಬ್ಯಾಂಕು ಮುಚ್ಚುವ ವೇಳೆಗೆ ಮೂವರು ಒಳನುಗ್ಗುತ್ತಾರೆ. ಒಬ್ಬನು ಆರಂಭದಲ್ಲೇ ಧೈರ್ಯಗುಂದಿ ಹೊರಟುಹೋಗುತ್ತಾನೆ. ಉಳಿದವರು ಸೋನಿ ಮತ್ತು ಸಾಲ್. ಸೋನಿಗೆ ಹೆಂಡತಿ, ಇಬ್ಬರು ಮಕ್ಕಳು. ಅವನಿಗೆ ಹಣ ಬೇಕಾದುದು ತನ್ನ ಇನ್ನೊಬ್ಬ ಸಂಗಾತಿಯ ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಗೆ. ತಿಜೋರಿಯಲ್ಲಿ ನೋಡಿದರೆ ಉಳಿದಿರುವುದು ಕೇವಲ 1,100 ಡಾಲರ್. ಮಿಕ್ಕ ಹಣ ಅದಾಗಲೇ ಸಾಗಿಹೋಗಿದೆ. ಸುಳಿವು ಸಿಗಬಾರದೆಂದು ಸೋನಿ ಲೆಕ್ಕದ ಪುಸ್ತಕವನ್ನು ಸುಡುತ್ತಾನೆ. ಆ ಹೊಗೆಯೇ ಬೀದಿಯವರ ಗಮನ ಸೆಳೆಯುತ್ತದೆ. ಅಷ್ಟರಲ್ಲಿ ದೂರವಾಣಿ ಮೊಳಗುತ್ತದೆ. ಕರೆದವರು ಪೊಲೀಸರು! ಕೆಲವೇ ನಿಮಿಷಗಳಲ್ಲಿ ಮುಗಿಯಬೇಕಿದ್ದ ಕಾರ್ಯ ರಾತ್ರಿಯವರೆಗೆ ಲಂಬಿಸುತ್ತದೆ. ಇತರರನ್ನು ಒತ್ತೆಯಿಟ್ಟವರು ತಾವೇ ಸೆರೆಯಾಗುತ್ತಾರೆ.

ಚಿತ್ರದ ಬಹುಭಾಗ ಆ ಬ್ಯಾಂಕಿನೊಳಗೆ ಮತ್ತು ಅದರ ಮುಂದಿನ ಬೀದಿಯಲ್ಲಿಯೇ ಸಾಗುತ್ತದೆ. ಒಂದೇ ಕೋಣೆಯಲ್ಲಿ ಕಥೆ ಕಟ್ಟುವ ವಿದ್ಯೆ ಲ್ಯೂಮೆಟ್‌ಗೆ ಹೊಸದಲ್ಲ. 1957ರ '12 ಆಂಗ್ರಿ ಮೆನ್' ಅವರದೇ ಕೃತಿ. ಇಲ್ಲಿ ಆರಂಭದ ಹಾಡನ್ನು ಬಿಟ್ಟರೆ ಭಾವ ಕೆರಳಿಸುವ ಹಿನ್ನೆಲೆ ಸಂಗೀತವಿಲ್ಲ. ಬೆವರು, ಆಯಾಸ, ದೂರವಾಣಿಯ ಗಂಟೆ, ಇವುಗಳಿಂದಲೇ ಉದ್ವೇಗ ಏರುತ್ತದೆ. ಸೋನಿಯಾಗಿ ಆಲ್ ಪಚಿನೊ, ಮಾತು ಕಡಿಮೆಯಾದ ಸಾಲ್ ಆಗಿ ಜಾನ್ ಕಜಾಲ್ ಮರೆಯಲಾಗದಂತೆ ನಟಿಸಿದ್ದಾರೆ.

ಹೊರಗೆ ನೆರೆದ ಜನಸಮೂಹವೂ ಇಲ್ಲೊಂದು ಪಾತ್ರವೇ. ಹಿಂದಿನ ವರ್ಷ, 1971ರಲ್ಲಿ, ಅಟಿಕಾ ಸೆರೆಮನೆಯ ದಂಗೆಯಲ್ಲಿ 43 ಜನ ಸತ್ತಿದ್ದರು. ಸೋನಿ ಆ ಹೆಸರನ್ನು ಕೂಗಿದೊಡನೆ ಜನ ಜಯಕಾರ ಮಾಡುತ್ತಾರೆ. ದೂರದರ್ಶನದ ಕ್ಯಾಮರಾ ಬರುತ್ತದೆ. ಕಳ್ಳನು ಕ್ಷಣಕಾಲ ನಾಯಕನಾಗುತ್ತಾನೆ. ಒಳಗಿರುವ ಜೀವಗಳ ಚಿಂತೆ ಯಾರಿಗೆ? ಅನ್ಯರ ಸಂಕಟವನ್ನು ಜಾತ್ರೆಯಂತೆ ನೋಡುವ ಚಪಲ ನಮ್ಮಲ್ಲೂ ಇಲ್ಲವೇ ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಈ ಗದ್ದಲದ ನಡುವೆ ನಮ್ಮ ಮನಸ್ಸನ್ನು ಗೆಲ್ಲುವವಳು ಗುಮಾಸ್ತೆಯರಲ್ಲಿ ಹಿರಿಯಳಾದ ಸಿಲ್ವಿಯಾ. ಹೊರಗೆ ಉಳಿದುಬಿಡುವ ಅವಕಾಶ ಅವಳಿಗೆ ದೊರೆಯುತ್ತದೆ. ಆದರೆ ತನ್ನ ಕೈಕೆಳಗಿನ ಹುಡುಗಿಯರು ಒಳಗಿದ್ದಾರೆಂದು ಅವಳು ತಾನಾಗಿಯೇ ಹಿಂದಿರುಗುತ್ತಾಳೆ. ಮಧುಮೇಹದಿಂದ ಬಳಲುವ ವ್ಯವಸ್ಥಾಪಕನೂ ತನ್ನವರನ್ನು ಬಿಟ್ಟು ಹೋಗಲೊಪ್ಪುವುದಿಲ್ಲ. ಬಂದೂಕು ಹಿಡಿದವರ ಧೈರ್ಯಕ್ಕಿಂತ ಬರಿಗೈಯವರ ಈ ಧೈರ್ಯ ದೊಡ್ಡದು.

ಕೊನೆಗೆ ವಿದೇಶಕ್ಕೆ ಪಾರಾಗುವ ಆಸೆಯಿಂದ ಎಲ್ಲರೂ ವಾಹನವೇರಿ ಕೆನಡಿ ವಿಮಾನ ನಿಲ್ದಾಣ ತಲಪುತ್ತಾರೆ. ಅಲ್ಲಿ ಸಾಲ್ ಗುಂಡಿಗೆ ಬಲಿಯಾಗುತ್ತಾನೆ, ಸೋನಿ ಸೆರೆಯಾಗುತ್ತಾನೆ. ನಿಜಜೀವನದಲ್ಲಿ ಅಂದು ಸತ್ತವನು ಇನ್ನೂ ಇಪ್ಪತ್ತು ತುಂಬದ ತರುಣ. ಬದುಕುಳಿದವನಿಗೆ 20 ವರ್ಷಗಳ ಶಿಕ್ಷೆಯಾಯಿತು.

ಚಿತ್ರದಲ್ಲಿ ಒರಟು ಮಾತುಗಳಿರುವುದರಿಂದ ಇದು ಎಳೆಯ ಮಕ್ಕಳಿಗೆ ತಕ್ಕುದಲ್ಲ. ಆದರೆ ಪ್ರಾಯಕ್ಕೆ ಬಂದ ಮಕ್ಕಳೊಡನೆ ಹಿರಿಯರು ಕುಳಿತು ನೋಡಿ ಚರ್ಚಿಸಬಹುದು. ಸೋನಿ ಸ್ವಭಾವತಃ ಕ್ರೂರಿಯಲ್ಲ; ತನ್ನವರ ಮೇಲೆ ಅವನಿಗೆ ಅಕ್ಕರೆಯೂ ಉಂಟು. ಆದರೆ ಉದ್ದೇಶದಲ್ಲಿ ಪ್ರೀತಿಯಿದ್ದ ಮಾತ್ರಕ್ಕೆ ದಾರಿ ಶುದ್ಧವಾಗುವುದಿಲ್ಲ. ಅಡ್ಡದಾರಿಯಲ್ಲಿ ಇಡುವ ಪ್ರತಿ ಹೆಜ್ಜೆಯೂ ಹಿಂದಿನ ಬಾಗಿಲೊಂದನ್ನು ಮುಚ್ಚುತ್ತ ಹೋಗುತ್ತದೆ. ಮೊದಲೇ ಹೊರಟುಹೋದ ಆ ಮೂರನೆಯವನನ್ನು ನೋಡಿ ಪ್ರೇಕ್ಷಕರು ನಗುತ್ತಾರೆ. ಬಾಗಿಲು ತೆರೆದಿದ್ದಾಗಲೇ ಮನೆಯ ದಾರಿ ಹಿಡಿದವನು ಅವನೊಬ್ಬನೇ.